ಕಂಕನ ಮೂಗಿಗೆ ರಕ್ತ, ಮತದಾರನ ಮೂಗಿಗೆ ತುಪ್ಪ: ಆಶ್ವಾಸನಶಾಸ್ತ್ರಕ್ಕೊಂದು ಪೀಠಿಕೆ

ವಿಷಯ ಪ್ರವೇಶ

ನಿಜ ಹೇಳುವ ರಾಜಕಾರಣಿಯನ್ನು ಮತದಾರ ಏಕೆ ಮನೆಗೆ ಕಳಿಸುತ್ತಾನೆ, ಆಗದ್ದನ್ನು ಆಗಿಸುತ್ತೇನೆ ಎನ್ನುವವನಿಗೆ ಏಕೆ ಸೇಬಿನ ಹಾರ ಹಾಕುತ್ತಾನೆ ಎಂಬ ಪ್ರಶ್ನೆಗೆ ಈವರೆಗೆ ಎರಡೇ ಉತ್ತರಗಳು ಚಲಾವಣೆಯಲ್ಲಿವೆ. ಸೋತವರು ‘ಜನ ದಡ್ಡರು’ ಎನ್ನುತ್ತಾರೆ. ಗೆದ್ದವರು ‘ಜನ ಜಾಣರು’ ಎನ್ನುತ್ತಾರೆ. ಅದೇ ಜನ, ಅದೇ ಮತಯಂತ್ರ, ಅದೇ ದಿನದ ಎಣಿಕೆ. ಒಂದೇ ಸಮುದಾಯದ ಬುದ್ಧಿಮಟ್ಟ ಮಧ್ಯಾಹ್ನ ಹನ್ನೆರಡರೊಳಗೆ ಏಕಕಾಲಕ್ಕೆ ಏರುವುದೂ ಇಳಿಯುವುದೂ ಯಾವ ಶಾಸ್ತ್ರಕ್ಕೂ ಒಗ್ಗುವ ಮಾತಲ್ಲ. ಆದಕಾರಣ, ಯಾವ ವಿಶ್ವವಿದ್ಯಾಲಯವೂ ಕೇಳದಿದ್ದರೂ, ಯಾವ ಅನುದಾನವೂ ದೊರೆಯದಿದ್ದರೂ, ಪ್ರಸ್ತುತ ಪ್ರಬಂಧಕಾರರು ‘ಆಶ್ವಾಸನಶಾಸ್ತ್ರ’ ಎಂಬ ನೂತನ ಜ್ಞಾನಶಾಖೆಯನ್ನು ಈ ಮೂಲಕ ಸ್ಥಾಪಿಸಿದ್ದಾರೆ. ಉದ್ಘಾಟನೆಗೆ ಒಬ್ಬ ಸಚಿವರನ್ನು ಕರೆದಿದ್ದೆವು. ಖಂಡಿತ ಬರುತ್ತೇನೆ ಎಂದಿದ್ದರು. ಅದನ್ನೇ ಮೊದಲ ದತ್ತಾಂಶವೆಂದು ದಾಖಲಿಸಿಕೊಂಡು ಮುಂದುವರಿಯಲಾಗಿದೆ.

ಪರಿಭಾಷೆ

ಶಾಸ್ತ್ರವೆಂದಮೇಲೆ ವರ್ಗೀಕರಣ ಬೇಕು. ಇಲ್ಲದಿದ್ದರೆ ಓದುಗರಿಗೆ ಅರ್ಥವಾಗಿಬಿಡುವ ಅಪಾಯವಿದೆ. ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಭರವಸೆಗೂ ಇದೇ ವಿಂಗಡಣೆ ಹೊಂದುತ್ತದೆ.

ನಿತ್ಯ ಭರವಸೆಯೆಂದರೆ ರಸ್ತೆ, ಚರಂಡಿ, ಕುಡಿಯುವ ನೀರು, ಬಡತನ ನಿರ್ಮೂಲನೆ. ಇವು ಚುನಾವಣೆಯಿಂದ ಚುನಾವಣೆಗೆ ಅಳಿವಿಲ್ಲದೆ ಸಾಗಿಬರುತ್ತವೆ. 1971ರಲ್ಲಿ ಇಂದಿರಾ ಗಾಂಧಿ ‘ಗರೀಬಿ ಹಟಾವೋ’ ಎಂದು 352 ಸ್ಥಾನ ಗೆದ್ದರು. ಅರ್ಧ ಶತಮಾನ ಕಳೆದರೂ ಬಡತನವನ್ನು ಹೊಸದಾಗಿ ಓಡಿಸುತ್ತೇನೆನ್ನದ ಪಕ್ಷ ನಮ್ಮಲ್ಲಿಲ್ಲ. ನಿತ್ಯಕರ್ಮ ಮಾಡಿದರೆ ವಿಶೇಷ ಪುಣ್ಯವಿಲ್ಲ, ಬಿಟ್ಟರೆ ಮಾತ್ರ ದೋಷ ಎನ್ನುತ್ತದೆ ಶಾಸ್ತ್ರ. ಚರಂಡಿ ಕಟ್ಟಿಸಿ ಸೋತ ಪುರಸಭಾ ಸದಸ್ಯರೆಲ್ಲ ಈ ಮಾತಿನ ಸತ್ಯವನ್ನು ಅನುಭವದಿಂದ ಬಲ್ಲರು.

ನೈಮಿತ್ತಿಕವೆಂದರೆ ಬರ, ನೆರೆ, ಉಪಚುನಾವಣೆ ಮೊದಲಾದ ನಿಮಿತ್ತ ಒದಗಿದಾಗ ಉಕ್ಕುವಂಥದು. ಕಾಮ್ಯವೆಂದರೆ ಕೇಳುವವನಿಗೂ ಹೇಳುವವನಿಗೂ ಕೂಡಿಯೇ ಆಸೆ ಹುಟ್ಟಿಸುವಂಥದು. ನಮ್ಮ ಅಧ್ಯಯನದ ಮುಖ್ಯ ವಸ್ತು ಇದು.

ಇನ್ನು ‘ಪ್ರಾಮಾಣಿಕತೆ’. ಠೇವಣಿ ಕಳೆದುಕೊಂಡ ಅಭ್ಯರ್ಥಿ ಮರುದಿನದ ಪತ್ರಿಕಾಗೋಷ್ಠಿಯಲ್ಲಿ ತನ್ನ ಬಗ್ಗೆ ಬಳಸುವ ಪದವೇ ಪ್ರಾಮಾಣಿಕತೆ. ಇದಕ್ಕಿಂತ ಖಚಿತವಾದ ವ್ಯಾಖ್ಯೆ ದೊರೆತಿಲ್ಲ.

ಮೂಲ ದೃಷ್ಟಾಂತ

ನಮ್ಮ ಶಾಸ್ತ್ರದ ಪ್ರಧಾನ ಆಕರ ವಿರಾಟಪರ್ವ. ಕೌರವರು ಮತ್ಸ್ಯದೇಶದ ಗೋವುಗಳನ್ನು ಹೊಡೆದುಕೊಂಡು ಹೋದರೆಂದು ಗೋಪಾಲಕ ಓಡಿಬಂದು ದೂರು ಕೊಟ್ಟಾಗ ವಿರಾಟರಾಯ ಇನ್ನೊಂದು ಗಡಿಯಲ್ಲಿ ತ್ರಿಗರ್ತರ ಸುಶರ್ಮನ ಮೇಲೆ ಯುದ್ಧಕ್ಕೆ ಹೋಗಿದ್ದ. ಅರಮನೆಯಲ್ಲಿ ಉಳಿದಿದ್ದ ನಾಯಕ ಉತ್ತರಕುಮಾರನೊಬ್ಬನೇ. ಅಂತಃಪುರದ ಹೆಂಗಳೆಯರ ನಡುವೆ ಕುಳಿತು ಅವನು ಮಾಡಿದ ಭಾಷಣವನ್ನು ನಮ್ಮ ನಾಡಿನ ಮೊದಲ ಚುನಾವಣಾ ಪ್ರಣಾಳಿಕೆಯೆಂದು ಧಾರಾಳವಾಗಿ ಕರೆಯಬಹುದು. ಭೀಷ್ಮ, ದ್ರೋಣ, ಕೃಪ, ಕರ್ಣ, ಅಶ್ವತ್ಥಾಮ, ಇಷ್ಟೂ ಮಂದಿಯನ್ನು ಒಂದೇ ರಥದಲ್ಲಿ ಹೋಗಿ ಮುಗಿಸಿಬರುವುದಾಗಿ ಘೋಷಣೆ. ಷರತ್ತು ಒಂದೇ: ಒಳ್ಳೆಯ ಸಾರಥಿ ಸಿಗಬೇಕು. ವಿದ್ವಾಂಸರು ಈ ಷರತ್ತನ್ನು ಇದುವರೆಗೆ ಅಲಕ್ಷಿಸಿದ್ದಾರೆ. ‘ಕೇಂದ್ರ ಸಹಕರಿಸಿದರೆ’, ‘ಪೂರ್ಣ ಬಹುಮತ ಕೊಟ್ಟರೆ’, ‘ತಾಂತ್ರಿಕ ಅಡಚಣೆ ನಿವಾರಣೆಯಾದೊಡನೆ’ ಎಂಬ ಆಧುನಿಕ ಪಾಠಾಂತರಗಳೆಲ್ಲ ಕವಲೊಡೆದದ್ದು ಇಲ್ಲಿಂದಲೇ.

ಸಭಿಕರ ಪ್ರತಿಕ್ರಿಯೆಯೂ ಗಮನಾರ್ಹ. ಇದೆಲ್ಲ ಆಗುವ ಮಾತೇ ಎಂದು ಯಾರೂ ಕೇಳಲಿಲ್ಲ. ಬರುವಾಗ ಗೊಂಬೆಗಳಿಗೆ ಬಣ್ಣಬಣ್ಣದ ಬಟ್ಟೆ ತರಬೇಕೆಂದು ಅವನ ತಂಗಿ ಉತ್ತರೆ ಸಾರಥಿಗೆ ಹೇಳಿ ಕಳಿಸಿದಳು. ಮತದಾರನ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಯಾವ ಸಮೀಕ್ಷಾ ಸಂಸ್ಥೆಯೂ ಹಿಡಿದಿಟ್ಟಿಲ್ಲ. ಕುರುವಂಶದ ಸೋಲು ದೊಡ್ಡವರ ವ್ಯವಹಾರ, ಆಗಬಹುದು, ಆಗದಿರಬಹುದು. ನಮ್ಮ ಮನೆಗೆ ಒಂದು ತುಂಡು ಬಟ್ಟೆ ಬರುತ್ತದೆಯೋ ಇಲ್ಲವೋ, ಅದನ್ನು ಹೇಳಿ.

ಮುಂದಿನದು ಎಲ್ಲರಿಗೂ ಗೊತ್ತು. ಸೈನ್ಯ ಕಂಡ ರಾಜಕುಮಾರ ರಥದಿಂದ ಧುಮುಕಿ ಓಡಿದ. ಸಾರಥಿಯಾಗಿದ್ದ ಬೃಹನ್ನಳೆ ಬೆನ್ನಟ್ಟಿ ಹಿಡಿದು ತಂದಳು. ಯುದ್ಧವನ್ನು ಸಾರಥಿಯೇ ಮಾಡಿದಳು. ಅಷ್ಟಕ್ಕೆ ನಮ್ಮ ಜನ ‘ಉತ್ತರನ ಪೌರುಷ ಒಲೆ ಮುಂದೆ’ ಎಂದು ಗಾದೆ ಕಟ್ಟಿ ಅವನನ್ನು ಶಾಶ್ವತವಾಗಿ ಅವಮಾನಿಸಿದ್ದಾರೆ. ಇದು ಅನ್ಯಾಯ. ಕಡತ ತೆಗೆದು ನೋಡಿದರೆ ಗೋವುಗಳು ಹಿಂದಿರುಗಿವೆ, ಶತ್ರು ಸೋತಿದ್ದಾನೆ, ಮೂರ್ಛೆ ಹೋದ ಕೌರವ ವೀರರ ಮೈಮೇಲಿನ ವಸ್ತ್ರ ಸುಲಿದು ತಂದದ್ದರಿಂದ ಗೊಂಬೆಗಳಿಗೆ ಬಟ್ಟೆಯೂ ಆಗಿದೆ. ಪ್ರಣಾಳಿಕೆ ನೂರಕ್ಕೆ ನೂರು ಈಡೇರಿದೆ. ಈಡೇರಿಸಿದವರು ಮಾತ್ರ ಬೇರೆ.

ಈಗ ನಮ್ಮ ಸಿದ್ಧಾಂತದ ಕೇಂದ್ರಬಿಂದುವಿಗೆ ಬರೋಣ. ಮಗನ ಗೆಲುವಿನ ಸುದ್ದಿ ಬಂದಾಗ ವಿರಾಟ ಊರೆಲ್ಲ ತೋರಣ ಕಟ್ಟಿಸಿ, ಕಂಕನೊಡನೆ ಪಗಡೆಗೆ ಕುಳಿತು, ಪ್ರತಿ ದಾಳಕ್ಕೊಮ್ಮೆ ಮಗನನ್ನು ಹೊಗಳುತ್ತಿದ್ದ. ಕಂಕಭಟ್ಟನ ವೇಷದಲ್ಲಿದ್ದ ಧರ್ಮರಾಯ ಸುಮ್ಮನಿರಬಹುದಿತ್ತು. ಬೃಹನ್ನಳೆ ಸಾರಥಿಯಾಗಿರುವಾಗ ಗೆಲ್ಲದೆ ಇರುವುದುಂಟೆ ಎಂದ. ಒಮ್ಮೆ ಅಲ್ಲ, ಮತ್ತೆ ಮತ್ತೆ ಅಂದ. ದೊರೆ ಕೈಯಲ್ಲಿದ್ದ ದಾಳವನ್ನೇ ಅವನ ಮುಖಕ್ಕೆ ಬೀಸಿದ. ಮೂಗಿನಿಂದ ರಕ್ತ ಸುರಿಯಿತು. ನೆಲಕ್ಕೆ ಬೀಳದ ಹಾಗೆ ಸೈರಂಧ್ರಿ ಪಾತ್ರೆ ಹಿಡಿದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಅಂಗವೊಂದನ್ನು ಮಾತ್ರ ಬದಲಿಸಿಕೊಂಡು ಇದನ್ನೇ ಹೇಳುತ್ತದೆ.

ಕಾಕತಾಳೀಯ ನ್ಯಾಯ, ಅಂಧಗಜ ನ್ಯಾಯಗಳ ಸಾಲಿನಲ್ಲಿ ಇದನ್ನು ನಾವು ‘ಕಂಕನಾಸಿಕಾ ನ್ಯಾಯ’ ಎಂದು ಹೆಸರಿಸಿದ್ದೇವೆ. ಇದರ ಎರಡು ಉಪನಿಯಮಗಳನ್ನೂ ವಿದ್ಯಾರ್ಥಿಗಳು ಗುರುತುಮಾಡಿಕೊಳ್ಳಬೇಕು. ನಿಜ ಆಮೇಲೆ ಬಯಲಾದರೂ ಬಿದ್ದ ಪೆಟ್ಟು ವಾಪಸಾಗುವುದಿಲ್ಲ ಎಂಬುದು ಮೊದಲನೆಯದು. ಎರಡನೆಯದನ್ನು ಪ್ರಾಮಾಣಿಕರು ಸಾಮಾನ್ಯವಾಗಿ ಮುಚ್ಚಿಡುತ್ತಾರೆ: ಸತ್ಯಕ್ಕಾಗಿ ಮೂಗು ಒಡೆಸಿಕೊಂಡ ಆ ಧರ್ಮರಾಯನೂ ಆ ಹೊತ್ತಿಗೆ ಒಂದು ವರ್ಷದಿಂದ ಸುಳ್ಳು ಹೆಸರಿನಲ್ಲಿ ಅರಮನೆಯ ಅನ್ನ ಉಣ್ಣುತ್ತಿದ್ದ.

ಪಾಶ್ಚಾತ್ಯ ಮತಗಳು

ಈ ವಿಷಯದಲ್ಲಿ ಯವನ ಪಂಡಿತರೂ ಕೈಯಾಡಿಸಿದ್ದಾರೆ. ಪ್ಲೇಟೋವಿನ ‘ಗೋರ್ಜಿಯಸ್’ ಸಂವಾದದಲ್ಲಿ ಸಾಕ್ರಟೀಸ್, ತನ್ನನ್ನು ವಿಚಾರಣೆಗೆ ನಿಲ್ಲಿಸಿದರೆ ಮಕ್ಕಳ ನ್ಯಾಯಸಭೆಯಲ್ಲಿ ಅಡುಗೆಯವನು ವೈದ್ಯನ ಮೇಲೆ ದೂರು ಕೊಟ್ಟ ಹಾಗಾಗುತ್ತದೆ ಎನ್ನುತ್ತಾನೆ. ಕಹಿ ಮದ್ದು ಕೊಟ್ಟವನು ಒಂದು ಕಡೆ, ಸಿಹಿತಿಂಡಿ ಕೊಟ್ಟವನು ಇನ್ನೊಂದು ಕಡೆ. ಕ್ರಿ.ಪೂ. 399ರಲ್ಲಿ ಅಥೆನ್ಸ್‌ನ ಸುಮಾರು 500 ನ್ಯಾಯದರ್ಶಿಗಳು ಬಹುಮತದಿಂದ ವೈದ್ಯನಿಗೇ ವಿಷ ಕುಡಿಸಿದರು. ತಿಂಡಿ ಅಂಗಡಿ ಇಂದಿಗೂ ಚೆನ್ನಾಗಿ ನಡೆಯುತ್ತಿದೆ.

ರೋಮನರು ತತ್ತ್ವಕ್ಕಿಂತ ವ್ಯವಹಾರ ಬಲ್ಲವರು. ಸಿಸೆರೋ ಕಾನ್ಸಲ್ ಪದವಿಗೆ ಸ್ಪರ್ಧಿಸಿದಾಗ, ಕ್ರಿ.ಪೂ. 64ರಲ್ಲಿ, ಅವನ ತಮ್ಮ ಕ್ವಿಂಟಸ್ ಬರೆದನೆನ್ನಲಾದ ಚುನಾವಣಾ ಕೈಪಿಡಿ ಉಳಿದುಬಂದಿದೆ. ಕೇಳಿದವರಿಗೆ ಇಲ್ಲ ಎನ್ನಬೇಡ. ಒಳ್ಳೆಯ ಮನುಷ್ಯ ನಯವಾಗಿ ಇಲ್ಲವೆಂದಾನು, ಒಳ್ಳೆಯ ಅಭ್ಯರ್ಥಿ ಇಲ್ಲವೆನ್ನಲೇ ಕೂಡದು. ಮಾತು ಕೊಟ್ಟು ತಪ್ಪಿದರೆ ಕೆಲವರು ಮುಂದೆಂದೋ ಮುನಿಯುತ್ತಾರೆ, ಮಾತೇ ಕೊಡದಿದ್ದರೆ ಎಲ್ಲರೂ ಈಗಲೇ ಮುನಿಯುತ್ತಾರೆ ಎಂಬುದು ಅದರ ಸಾರ. ಇದನ್ನು ತಮ್ಮ ಬರೆಯಲಿಲ್ಲ, ಆಮೇಲೆ ಯಾರೋ ಬರೆದು ಅವನ ಹೆಸರು ಹಚ್ಚಿದರು ಎಂಬ ವಾದವೂ ಇದೆ. ಕೈಪಿಡಿಯ ವಿಷಯಕ್ಕೆ ಅದು ಭೂಷಣವೇ. ಅಣ್ಣ ಗೆದ್ದು ಕ್ರಿ.ಪೂ. 63ರಲ್ಲಿ ಕಾನ್ಸಲ್ ಆದ.

ಅಮೆರಿಕದ ವಾಲ್ಟರ್ ಮಾಂಡೇಲ್ ಈ ಕೈಪಿಡಿ ಓದಿರಲಿಲ್ಲವೆಂದು ತೋರುತ್ತದೆ. 1984ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪಕ್ಷದ ಅಧಿವೇಶನದಲ್ಲಿ ಅವರು, ರೇಗನ್ ಗೆದ್ದರೂ ತೆರಿಗೆ ಏರಿಸುತ್ತಾರೆ, ನಾನು ಗೆದ್ದರೂ ಏರಿಸುತ್ತೇನೆ, ಅವರು ಹೇಳುವುದಿಲ್ಲ, ನಾನು ಹೇಳಿಬಿಟ್ಟೆ ಎಂದರು. ಐವತ್ತು ರಾಜ್ಯಗಳಲ್ಲಿ ನಲವತ್ತೊಂಬತ್ತು ಅವರನ್ನು ಕೈಬಿಟ್ಟವು. ತವರು ಮಿನಸೋಟ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ ಉಳಿದವು. ಲೆಕ್ಕ 525ಕ್ಕೆ 13. ನಾಲ್ಕು ವರ್ಷದ ಮೇಲೆ ಹಿರಿಯ ಬುಷ್ ನನ್ನ ತುಟಿ ನೋಡಿ ಓದಿಕೊಳ್ಳಿ, ಹೊಸ ತೆರಿಗೆ ಇಲ್ಲ ಎಂದು ಗೆದ್ದರು. 1990ರಲ್ಲಿ ತೆರಿಗೆ ಏರಿಸಿದರು. 1992ರಲ್ಲಿ ಸೋತರು. ಇವೆರಡನ್ನು ಜೋಡಿಸಿ ಓದಿದರೆ ನಿಜ ಹೇಳಿದವನು ಕೂಡಲೇ ಸೋಲುತ್ತಾನೆ, ಸುಳ್ಳು ಹೇಳಿದವನು ನಾಲ್ಕು ವರ್ಷ ಆಳಿ ಸೋಲುತ್ತಾನೆ ಎಂಬ ಲೆಕ್ಕ ಸಿಗುತ್ತದೆ. ಇವೆರಡರ ನಡುವೆ ಆರಿಸಿಕೊಳ್ಳಲು ಅಭ್ಯರ್ಥಿಗೆ ಡಾಕ್ಟರೇಟ್ ಬೇಕಿಲ್ಲ.

ಹಂಗೆರಿಯ ಪ್ರಧಾನಿ ಫೆರೆಂಟ್ಸ್ ಜುರ್ಚಾನಿಯದು ಇನ್ನೂ ವಿಚಿತ್ರ ಪ್ರಕರಣ. 2006ರ ಏಪ್ರಿಲ್‌ನಲ್ಲಿ ಚುನಾವಣೆ ಗೆದ್ದರು. ಮೇ ತಿಂಗಳಲ್ಲಿ ಪಕ್ಷದ ಒಳಸಭೆಯಲ್ಲಿ, ನಾವು ಹಗಲೂ ರಾತ್ರಿ ಸುಳ್ಳು ಹೇಳಿಕೊಂಡೇ ಬಂದಿದ್ದೇವೆ ಎಂದು ಬೈಗುಳ ಸಮೇತ ಒಪ್ಪಿಕೊಂಡರು. ಸೆಪ್ಟೆಂಬರಿನಲ್ಲಿ ಧ್ವನಿಮುದ್ರಿಕೆ ಹೊರಬಿತ್ತು. ಬುಡಾಪೆಸ್ಟ್‌ನಲ್ಲಿ ಗಲಭೆ. ಜನ ಬೀದಿಗಿಳಿದದ್ದು ಅವರು ಹೇಳಿದ ಸುಳ್ಳುಗಳ ಕಾಲಕ್ಕಲ್ಲ, ಬಾಯಿಬಿಟ್ಟು ನುಡಿದ ಏಕೈಕ ನಿಜ ಕಿವಿಗೆ ಬಿದ್ದ ಮೇಲೆ ಎಂಬುದನ್ನು ನಮ್ಮ ಶಾಸ್ತ್ರ ದಪ್ಪಕ್ಷರದಲ್ಲಿ ಬರೆದುಕೊಂಡಿದೆ.

ಇಂಗ್ಲಿಷಿನಲ್ಲಿ ಬರೆಯುವ ಅರ್ಥಶಾಸ್ತ್ರಜ್ಞರಿಗೂ ಒಂದು ಸಾಲು ಮೀಸಲಿಡುವುದು ಸೌಜನ್ಯ. ಆಂಥನಿ ಡೌನ್ಸ್ 1957ರಲ್ಲೇ, ಒಂದು ಮತದಿಂದ ಫಲಿತಾಂಶ ಬದಲಾಗುವ ಸಂಭವ ತೀರ ಕಡಿಮೆಯಾದ್ದರಿಂದ ಮತದಾರ ತಲೆಕೆಡಿಸಿಕೊಂಡು ಓದದಿರುವುದೇ ವಿವೇಕ ಎಂದು ಗ್ರಂಥ ಬರೆದು ತೋರಿಸಿದರು. ನಮ್ಮ ಮತದಾರರು ಆ ಗ್ರಂಥವನ್ನೂ ಓದದೆ ಅವರ ಮಾತನ್ನು ಸಾಧಿಸಿಕೊಟ್ಟಿದ್ದಾರೆ.

ಪಡಿ ಸೂತ್ರ

ಇಲ್ಲಿಯವರೆಗಿನ ವಿವರಣೆಯಿಂದ ಮತದಾರ ಸಿಹಿಗೆ ಮರುಳಾಗುವ ಮಗು ಎಂಬ ಅಭಿಪ್ರಾಯ ಬಂದಿದ್ದರೆ ಅದನ್ನು ಪೂರ್ವಪಕ್ಷವೆಂದು ತಿಳಿಯಬೇಕು. ಅದನ್ನು ಖಂಡಿಸಲು ಮದರಾಸಿಗೆ ಹೋಗಬೇಕು.

1967ರ ಚುನಾವಣೆಯ ಹೊತ್ತಿಗೆ ಮದರಾಸು ರಾಜ್ಯದಲ್ಲಿ ಅಕ್ಕಿಯ ಅಭಾವ. ಅಣ್ಣಾದೊರೈ ರೂಪಾಯಿಗೆ ಮೂರು ಪಡಿ ಅಕ್ಕಿ ಎಂದರು. ಅದು ಆಗದ ಮಾತು ಎಂದು ಲೆಕ್ಕ ಬಲ್ಲವರೆಲ್ಲ ಹೇಳಿದರು. ಲೆಕ್ಕ ಸರಿಯಾಗಿಯೇ ಇತ್ತು. ಕಾಂಗ್ರೆಸ್ ಧೂಳೀಪಟವಾಯಿತು, ಶಾಲೆಗಳಲ್ಲಿ ಮಧ್ಯಾಹ್ನದ ಊಟ ಹಾಕಿಸಿದ್ದ ಕಾಮರಾಜರು ಹುಟ್ಟೂರು ವಿರುದುನಗರದಲ್ಲೇ ಒಬ್ಬ ವಿದ್ಯಾರ್ಥಿ ನಾಯಕನ ಎದುರು ಸೋತರು. ಮೂರು ಪಡಿ ನಮ್ಮ ಗುರಿ, ಒಂದು ಪಡಿ ಖಚಿತ ಎಂಬ ಅಡಿಬರಹವೂ ಆ ಭರವಸೆಗೆ ಇತ್ತು. ಗೆದ್ದ ಮೇಲೆ ಮದರಾಸು, ಕೊಯಮತ್ತೂರು ನಗರಗಳಲ್ಲಿ ರೂಪಾಯಿಗೆ ಒಂದು ಪಡಿ ಕೊಟ್ಟರು. ರಾಜ್ಯದ ಉಳಿದೆಡೆಗೆ ಅದೂ ಮುಟ್ಟಲಿಲ್ಲ.

ಇಲ್ಲಿ ನಮ್ಮ ಶಾಸ್ತ್ರದ ಮೊದಲ ಗಣಿತ ಸೂತ್ರ ಉದ್ಭವಿಸುತ್ತದೆ: ಕೈಗೆ ಬರುವುದು = ಹೇಳಿದ್ದು ÷ 3. ಇದು ಮತದಾರನಿಗೆ ಹಿಂದಿನಿಂದ ಗೊತ್ತು. ಹಾಗಿರುವಾಗ ಪ್ರಾಮಾಣಿಕನೊಬ್ಬ ಬಂದು, ನನ್ನಿಂದ ಒಂದೇ ಪಡಿ ಸಾಧ್ಯ ಎಂದರೆ ಆತ ಪಾಪ ಕೇಳುವವರ ಮನಸ್ಸಿನಲ್ಲಿ ತನ್ನಷ್ಟಕ್ಕೇ ಮೂರನೇ ಒಂದು ಪಡಿಗೆ ಇಳಿಯುತ್ತಾನೆ. ಅವನ ನಿಜವನ್ನೂ ಜನ ಸುಳ್ಳಿನ ದರದಲ್ಲೇ ಮುರಿದುಕೊಳ್ಳುತ್ತಾರೆ. ಹತ್ತು ಹೇಳಿದವನು ಮೂರು ಕೊಟ್ಟಾನು. ಮೂರು ಹೇಳಿದವನು ಒಂದು ಕೊಟ್ಟಾನು. ಏನೂ ಆಗದು ಎಂದವನು ಆ ಮಾತೊಂದನ್ನು ಮಾತ್ರ ನೂರಕ್ಕೆ ನೂರು ಉಳಿಸಿಕೊಂಡಾನು.

ಸೂತ್ರದ ಪ್ರಯೋಗವನ್ನು ಕರ್ನಾಟಕದಲ್ಲೂ ನೋಡಬಹುದು. 2018ರಲ್ಲಿ ಜೆಡಿಎಸ್ ಅಧಿಕಾರಕ್ಕೆ ಬಂದ 24 ಗಂಟೆಯೊಳಗೆ ರೈತರ ಸಾಲವೆಲ್ಲ ಮನ್ನಾ ಎಂದಿತು. ಬಂದದ್ದು 37 ಸ್ಥಾನ, ಆದರೂ ಮುಖ್ಯಮಂತ್ರಿ ಗಾದಿ ಸಿಕ್ಕಿತು. ಮನ್ನಾಕ್ಕೆ ಮಿತಿ ಬಂತು, ಕಂತು ಬಂತು, ಅರ್ಹತಾ ಪಟ್ಟಿ ಬಂತು. 2023ರಲ್ಲಿ ಕಾಂಗ್ರೆಸ್ ತಲೆಗೆ ಹತ್ತು ಕೆ.ಜಿ. ಅಕ್ಕಿ ಎಂದಿತು. ಐದರ ಮೇಲಿನ ಐದು ಕೆ.ಜಿ.ಗೆ ಅಕ್ಕಿ ಹೊಂದಿಸಲಾಗದೆ, ಕೆ.ಜಿ.ಗೆ 34 ರೂಪಾಯಿಯಂತೆ 170 ರೂಪಾಯಿ ಖಾತೆಗೆ ಹಾಕಲು ಶುರುಮಾಡಿತು. ಅದೇ ಚುನಾವಣೆಯಲ್ಲಿ ಬಿಜೆಪಿ ಯುಗಾದಿ, ಗಣೇಶನ ಹಬ್ಬ, ದೀಪಾವಳಿಗೆ ಒಂದೊಂದು ಪುಕ್ಕಟೆ ಸಿಲಿಂಡರ್ ಮತ್ತು ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಎಂದಿತ್ತು. ಸೋತದ್ದರಿಂದ ಅವರ ಪ್ರಣಾಳಿಕೆಯ ಭಾಗಲಬ್ಧ ಎಷ್ಟೆಂದು ಹೇಳಲು ಬರುವುದಿಲ್ಲ.

ಅದೇ ಪಕ್ಷದ ಇನ್ನೊಂದು ಪ್ರಕರಣಕ್ಕೆ ಭಾಗಾಕಾರ ಸಾಲದು, ಮೀಮಾಂಸೆಯನ್ನೇ ಕರೆತರಬೇಕು. ವಿದೇಶದಲ್ಲಿರುವ ಕಪ್ಪುಹಣ ವಾಪಸು ಬಂದರೆ ಪ್ರತಿ ಬಡವನಿಗೂ 15ರಿಂದ 20 ಲಕ್ಷ ಸಿಗುತ್ತದೆ ಎಂದು ನರೇಂದ್ರ ಮೋದಿ 2013ರ ನವೆಂಬರಿನಲ್ಲಿ ಛತ್ತೀಸಗಡದ ಸಭೆಯಲ್ಲಿ ಹೇಳಿದರು. 2015ರ ಫೆಬ್ರವರಿಯಲ್ಲಿ ಅಮಿತ್ ಶಾ ಅದನ್ನು ‘ಜುಮ್ಲಾ’, ಅಂದರೆ ಬರಿಯ ಮಾತಿನ ವರಸೆ, ಎಂದರು. ಜನ ಹೌಹಾರಿದರು. ಮೀಮಾಂಸೆ ಓದಿದ್ದರೆ ಹೌಹಾರಬೇಕಿರಲಿಲ್ಲ. ವೇದದ ವಾಕ್ಯಗಳಲ್ಲಿ ಮಾಡಲೇಬೇಕಾದ್ದನ್ನು ಹೇಳುವ ‘ವಿಧಿ’ ಬೇರೆ. ಉತ್ಸಾಹ ತುಂಬಲು ಹೊಗಳಿ ಹೇಳುವ ‘ಅರ್ಥವಾದ’ ಬೇರೆ. ಯೂಪಸ್ತಂಭವೇ ಸೂರ್ಯ ಎಂದರೆ ಬಿಸಿಲು ಕಾಯಿಸಲು ಅದರ ಮುಂದೆ ಕೂರಬಾರದು. ಓಟು ಹಾಕಿ ಎಂಬುದು ವಿಧಿ, 15 ಲಕ್ಷ ಎಂಬುದು ಅರ್ಥವಾದ. ಎಲ್ಲ ಪಕ್ಷಗಳ ಎಲ್ಲ ಪ್ರಣಾಳಿಕೆಗಳಲ್ಲೂ ವಿಧಿವಾಕ್ಯ ಇದೊಂದೇ ಎಂಬುದು ನಮ್ಮ ಸಂಶೋಧನೆ.

ಔಚಿತ್ಯ ವಿಚಾರ

ಮತದಾರ ಅತಿಶಯೋಕ್ತಿಗೆ ಸೋಲುತ್ತಾನೆ ಎನ್ನುವುದಾದರೆ ಹೆಚ್ಚು ಅತಿಶಯ ಹೇಳಿದವನೇ ಹೆಚ್ಚು ಮತ ಪಡೆಯಬೇಕಷ್ಟೆ? 2021ರ ತಮಿಳುನಾಡು ವಿಧಾನಸಭಾ ಚುನಾವಣೆಯಲ್ಲಿ ಮದುರೈ ದಕ್ಷಿಣದ ಪಕ್ಷೇತರ ಅಭ್ಯರ್ಥಿಯೊಬ್ಬರು ಇದನ್ನು ಪ್ರಯೋಗಕ್ಕೇ ಒಡ್ಡಿದರು. ಮನೆಗೊಂದು ಪುಟ್ಟ ಹೆಲಿಕಾಪ್ಟರ್, ವರ್ಷಕ್ಕೆ ಒಂದು ಕೋಟಿ ರೂಪಾಯಿ, ಮನೆಗೆಲಸಕ್ಕೆ ರೋಬೋ, ಚಂದ್ರಲೋಕಕ್ಕೆ ಪ್ರವಾಸ, ಕ್ಷೇತ್ರವನ್ನು ತಂಪಾಗಿಡಲು ಕೃತಕ ಮಂಜಿನ ಬೆಟ್ಟ. ಗುರುತು ಕಸದ ಬುಟ್ಟಿ. ಪುಕ್ಕಟೆ ಭರವಸೆಗಳಿಗೆ ಮರುಳಾಗಬೇಡಿ ಎಂದು ತೋರಿಸುವುದೇ ಉದ್ದೇಶವೆಂದು ಅವರೇ ಹೇಳಿದ್ದರು. ಸೋತರು.

ಆಲಂಕಾರಿಕರು ಇದರ ಕಾರಣವನ್ನು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ಔಚಿತ್ಯವಿಲ್ಲದ ಅಲಂಕಾರದಿಂದ ಕಾವ್ಯ ಕೆಡುತ್ತದೆ ಎಂದವನು ಕ್ಷೇಮೇಂದ್ರ. ಸೊಂಟದ ಡಾಬನ್ನು ಕೊರಳಿಗೆ ಹಾಕಿದರೆ ನಗು ಬರುತ್ತದೆ. ಮತದಾರನೆಂಬ ಸಹೃದಯನಿಗೆ ಮಿಕ್ಸಿ ಸಲ್ಲುತ್ತದೆ, ಚಂದ್ರ ಸಲ್ಲುವುದಿಲ್ಲ. 2006ರಲ್ಲಿ ಕರುಣಾನಿಧಿ ಬಣ್ಣದ ಟಿ.ವಿ. ಎಂದರು, ಗೆದ್ದರು, ಕೊಟ್ಟರು. 2011ರಲ್ಲಿ ಜಯಲಲಿತಾ ಮಿಕ್ಸಿ, ಗ್ರೈಂಡರ್, ಫ್ಯಾನ್ ಎಂದರು, ಗೆದ್ದರು, ಕೊಟ್ಟರು. ಭರವಸೆ ಹುಸಿಯಾಗಿರಬಹುದು, ಆದರೆ ಮನೆಯ ಪ್ಲಗ್ಗಿಗೆ ಹೊಂದುವಂತಿರಬೇಕು. ಮೂಗಿಗೆ ತುಪ್ಪ ಸವರುವಾಗ ನಿಜವಾದ ತುಪ್ಪವನ್ನೇ ಸವರಬೇಕು. ಇಲ್ಲವಾದರೆ ವಾಸನೆಗೇ ಗೊತ್ತಾಗಿಬಿಡುತ್ತದೆ.

ಕ್ಷೇತ್ರಕಾರ್ಯ

ಗ್ರಂಥಾಲಯದಲ್ಲಿ ಕುಳಿತು ಬರೆದ ಪ್ರಬಂಧಕ್ಕೆ ಮರ್ಯಾದೆ ಕಡಿಮೆಯಾದ್ದರಿಂದ ಪ್ರಬಂಧಕಾರರು ಕೋಲಾರದ ಟೊಮೆಟೊ ಮಾರುಕಟ್ಟೆಯ ಹೊರಗಿನ ಚಹಾದಂಗಡಿಯೊಂದರಲ್ಲಿ ಪ್ರಶ್ನಾವಳಿ ಹಿಡಿದು ಕುಳಿತರು. ಕೋಲಾರವನ್ನೇ ಆರಿಸಿದ್ದಕ್ಕೆ ಕಾರಣವಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಗೆ ಪಶ್ಚಿಮಘಟ್ಟದಿಂದ 24 ಟಿಎಂಸಿ ನೀರು ತಿರುಗಿಸುವ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆಯಾದದ್ದು 2014ರ ಮಾರ್ಚ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ. ಯೋಜನೆಯ ಪರ ಗಟ್ಟಿಯಾಗಿ ನಿಂತಿದ್ದ ವೀರಪ್ಪ ಮೊಯಿಲಿ ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಆ ವರ್ಷ ಗೆದ್ದರು, 2019ರಲ್ಲಿ ಸೋತರು. ಸುಮಾರು 8,300 ಕೋಟಿ ರೂಪಾಯಿಯ ಅಂದಾಜು 23,000 ಕೋಟಿ ದಾಟಿತು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಪಂಪುಗಳು ಚಾಲೂ ಆದದ್ದು ಸಕಲೇಶಪುರದ ಕಡೆ. ಈ ನಡುವೆ, 2018ರಿಂದ, ಕೋಲಾರದ ಕೆರೆಗಳಿಗೆ ಬೇರೊಂದು ನೀರು ಬಂತು: ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಅಂದರೆ ಬೆಂಗಳೂರಿನ ಬಚ್ಚಲುಗಳ, ಎರಡು ಹಂತದಲ್ಲಿ ಶುದ್ಧೀಕರಿಸಿದ ನೀರು.

ಬಾಕ್ಸುಗಳನ್ನು ಇಳಿಸಿ ಬಂದು ಬೆಂಚಿನ ತುದಿಗೆ ಕುಳಿತ ಹಿರಿಯರೊಬ್ಬರು ನಮ್ಮ ಮಾಹಿತಿದಾತರಾದರು. ಟವೆಲ್ಲಿನಿಂದ ಕತ್ತು ಒರೆಸಿಕೊಂಡು, ಟೀಯನ್ನು ಸಾಸರಿಗೆ ಸುರಿದುಕೊಳ್ಳುತ್ತಿದ್ದರು.

“ಯಜಮಾನ್ರೇ, ನೀರು ತರ್ತೀನಿ ಅಂದವರಿಗೇ ಓಟು ಹಾಕಿದ್ರಲ್ಲ, ಅದು ಬೇಗ ಬರೋದಲ್ಲ ಅಂತ ಗೊತ್ತಿರಲಿಲ್ವಾ?”

“ಗೊತ್ತಿತ್ತು ಸಾರ್. ನಮ್ಮ ಹಟ್ಟೀಲಿರೋ ಎಮ್ಮೆಗೂ ಗೊತ್ತಿತ್ತು.”

“ಮತ್ತೆ, ಆಗಲ್ಲ ಅಂತ ನಿಜ ಹೇಳಿದವರಿಗೆ ಹಾಕಬಹುದಿತ್ತಲ್ಲ?”

ಸಾಸರಿನ ಟೀಯನ್ನು ಪೂರ್ತಿ ಕುಡಿದು ಕೆಳಗಿಟ್ಟ ಮೇಲೆಯೇ ಉತ್ತರ ಬಂತು. “ಆಗಲ್ಲ ಅಂದೋನ್ನ ಗೆಲ್ಸಿದ್ರೆ ಐದು ವರ್ಷ ಆದ್ಮೇಲೆ ಏನಂತ ಕೇಳ್ಲಿ ಸಾರ್? ‘ಮೊದ್ಲೇ ಹೇಳಿದ್ನಲ್ಲಪ್ಪ’ ಅಂತಾನೆ, ಅಲ್ಲಿಗೆ ಮುಗೀತು. ತರ್ತೀನಿ ಅಂದೋನಾದ್ರೆ ಊರಿಗೆ ಬಂದಾಗ ಕಾರಿಗೆ ಅಡ್ಡ ನಿಂತ್ಕೊಂಡು ‘ಎಲ್ಲಯ್ಯಾ ನೀರು’ ಅನ್ನಬಹುದು. ಹಂಗೆ ಅಂದೂ ಅಂದೂನೇ ಬೆಂಗ್ಳೂರು ಮೋರಿ ನೀರಾದ್ರೂ ಬಂತು. ವಾಸ್ನೆ ಬರ್ತದೆ, ಇಲ್ಲ ಅನ್ನಲ್ಲ. ಆದ್ರೆ ಬತ್ತೋಗಿದ್ದ ಬೋರು ನೀರೆತ್ತೈತೆ.”

ಪ್ರಶ್ನಾವಳಿಯ ಉಳಿದ ಪುಟಗಳನ್ನು ತುಂಬುವ ಅಗತ್ಯ ಬೀಳಲಿಲ್ಲ. ಭರವಸೆಯೆಂದರೆ ವರ್ಣನೆಯಲ್ಲ, ಅದೊಂದು ಪ್ರೋನೋಟು. ಸಾಲಗಾರ ಪೂರ್ತಿ ತೀರಿಸುವುದಿಲ್ಲವೆಂದು ಗೊತ್ತಿದ್ದೂ ಜನ ಅದನ್ನು ಬರೆಸಿಕೊಳ್ಳುತ್ತಾರೆ, ಮನೆಬಾಗಿಲಿಗೆ ಹೋಗಿ ಕೇಳುವ ಹಕ್ಕಿಗಾಗಿ. ಪ್ರಾಮಾಣಿಕ ಅಭ್ಯರ್ಥಿ ಆ ಕಾಗದಕ್ಕೆ ಸಹಿ ಹಾಕಲು ಒಪ್ಪದವನು. ಈ ಸಿದ್ಧಾಂತವನ್ನು ಮುಂದೆ ಎಲ್ಲ ವಿಚಾರ ಸಂಕಿರಣಗಳಲ್ಲೂ ಪ್ರಬಂಧಕಾರರ ಹೆಸರಿನಲ್ಲೇ ಉಲ್ಲೇಖಿಸತಕ್ಕದ್ದು. ಟೀ ದುಡ್ಡು ಆ ಹಿರಿಯರೇ ಕೊಟ್ಟರು.

ಆಕ್ಷೇಪ ಮತ್ತು ಪರಿಹಾರ

ಹಾಗಾದರೆ ನಿಜ ಹೇಳಿ ಗೆದ್ದವರೇ ಇಲ್ಲವೆ ಎಂಬ ಆಕ್ಷೇಪ ಏಳುತ್ತದೆ. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರದಲ್ಲಿ ‘ಒಂದು ವೋಟು, ಒಂದು ನೋಟು’ ಎಂದು ಮತದಾರರಿಂದಲೇ ದುಡ್ಡು ಬೇಡಿ ಗೆದ್ದರು. ಪ್ರಾಮಾಣಿಕತೆಯ ಪಕ್ಷದವರು ಈ ಉದಾಹರಣೆಯನ್ನು ಎತ್ತಿ ಹಿಡಿಯುವುದುಂಟು. ಆದರೆ ಗೌಡರು ಬರಿಗೈಯಲ್ಲಿ ಹೋಗಿರಲಿಲ್ಲ; ಕಾಗೋಡು ಸತ್ಯಾಗ್ರಹದ ಬೆನ್ನಿಗೇ ನಿಂತು, ಉಳುವವನೇ ಹೊಲದೊಡೆಯ ಎಂದಿದ್ದರು. ಅಂದಿನ ಜಮೀನ್ದಾರರನ್ನೂ ವಕೀಲರನ್ನೂ ಕೇಳಿದ್ದರೆ ಮೂರು ಪಡಿ ಅಕ್ಕಿಗಿಂತ ಇದೇ ಅಸಾಧ್ಯವೆನ್ನುತ್ತಿದ್ದರು. ಗೌಡರು 1972ರಲ್ಲಿ ತೀರಿಕೊಂಡರು. ಗೇಣಿದಾರರಿಗೆ ಭೂಮಿ ಕೊಡಿಸಿದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್‌ನಲ್ಲಿ, ಬೇರೆ ಪಕ್ಷದ ದೇವರಾಜ ಅರಸರ ಕಾಲದಲ್ಲಿ. ರಥ ಏರಿದವರೊಬ್ಬರು, ಯುದ್ಧ ಮಾಡಿದವರೊಬ್ಬರು, ವಿರಾಟಪರ್ವ ಪುನರಾವರ್ತನೆಯಾಯಿತು. ಇಲ್ಲಿ ರಥ ಏರಿದವರು ಓಡಿಹೋಗಲಿಲ್ಲ ಎಂಬ ವ್ಯತ್ಯಾಸವನ್ನು ಮಾತ್ರ ದೊಡ್ಡದಾಗಿ ನಮೂದಿಸಬೇಕು.

ಪ್ರತ್ಯುದಾಹರಣೆಯಾಗಿ ಶಿವರಾಮ ಕಾರಂತರು. 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಪರಿಸರದ ಪರವಾಗಿ, ಕೈಗಾ ಅಣುಸ್ಥಾವರಕ್ಕೆ ಎದುರಾಗಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಗೆದ್ದರೆ ಏನು ತರುತ್ತೀರಿ ಎಂದರೆ, ಬರುತ್ತಿರುವುದನ್ನು ತಡೆಯುತ್ತೇನೆ ಎನ್ನುವ ಅಭ್ಯರ್ಥಿ. ಜ್ಞಾನಪೀಠ ಕೊಟ್ಟ ನಾಡು ಸಂಸತ್ ಪೀಠ ಕೊಡಲಿಲ್ಲ. ಕೈಗಾದಲ್ಲಿ 2000ದಿಂದ ವಿದ್ಯುತ್ ಉತ್ಪಾದನೆಯಾಗುತ್ತಿದೆ.

ಇನ್ನೊಂದು ಆಕ್ಷೇಪವನ್ನು ನಮ್ಮ ಮೇಲೆ ನಾವೇ ಹಾಕಿಕೊಳ್ಳಬೇಕಾಗಿದೆ. ‘ಅವಾಸ್ತವಿಕ’ ಎಂಬ ಮೊಹರು ಒತ್ತುವವರು ಯಾರು? ಎನ್.ಟಿ. ರಾಮರಾಯರು ಪಕ್ಷ ಕಟ್ಟಿ ಒಂಬತ್ತೇ ತಿಂಗಳಲ್ಲಿ, 1983ರಲ್ಲಿ, ಎರಡು ರೂಪಾಯಿಗೆ ಕೆ.ಜಿ. ಅಕ್ಕಿ ಎಂದು ಗೆದ್ದಾಗ ಖಜಾನೆ ಮುಳುಗಿತು ಎಂದವರು, 2023ರ ಜೂನ್ 11ರಂದು ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡದೆ ಕೆಂಪು ಬಸ್ಸು ಹತ್ತಿದಾಗ ರಾಜ್ಯ ದಿವಾಳಿ ಎಂದವರು ಬಹುಪಾಲು ಪ್ರಬಂಧಕಾರರ ಜಾತಿಯವರೇ: ತಿಂಗಳ ಕೊನೆಗೆ ಸಂಬಳ, ವರ್ಷಕ್ಕೆರಡು ಸಲ ತುಟ್ಟಿಭತ್ಯೆ, ಏಳನೇ ವೇತನ ಆಯೋಗ. ಸಂಬಳ ಪರಿಷ್ಕರಣೆಯನ್ನು ನಾವು ಯಾರೂ ಅವಾಸ್ತವಿಕ ಭರವಸೆ ಎಂದು ಕರೆದ ದಾಖಲೆ ಇಲ್ಲ. ಕಠಿಣ ನಿಜ ಹೇಳುವ ನಾಯಕರು ಬೇಕು ಎನ್ನುವವರು ಆ ಕಾಠಿಣ್ಯ ಬೇರೆಯವರ ಪಡಿತರ ಚೀಟಿಯ ಮೇಲೆ ಬೀಳುತ್ತದೆಂದೇ ಅಂದುಕೊಂಡಿರುತ್ತಾರೆ. ಈ ಉಪವಿಭಾಗವನ್ನು ಪರೀಕ್ಷಕರು ಓದದಿದ್ದರೂ ನಡೆಯುತ್ತದೆ.

ಕಾನೂನು ಮತ್ತು ಉಪಯುಕ್ತ ಮಾಹಿತಿ

ಪ್ರಣಾಳಿಕೆಯ ಭರವಸೆ ಪ್ರಜಾಪ್ರತಿನಿಧಿ ಕಾಯಿದೆಯ 123ನೇ ಕಲಮಿನ ಪ್ರಕಾರ ಭ್ರಷ್ಟ ಆಚರಣೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ, ತಮಿಳುನಾಡಿನ ಟಿ.ವಿ., ಮಿಕ್ಸಿ ಪ್ರಕರಣದಲ್ಲೇ, ತೀರ್ಪು ಕೊಟ್ಟಿದೆ. ಅದೇ ತೀರ್ಪಿನ ಸೂಚನೆಯಂತೆ ಚುನಾವಣಾ ಆಯೋಗ 2014ರಲ್ಲಿ ಮಾದರಿ ನೀತಿಸಂಹಿತೆಗೆ ಪ್ರಣಾಳಿಕೆಯ ಬಗ್ಗೆ ಒಂದು ಭಾಗ ಸೇರಿಸಿತು. ಭರವಸೆಯ ಹಿಂದಿನ ತರ್ಕವನ್ನೂ ಹಣ ಎಲ್ಲಿಂದ ತರುತ್ತೀರಿ ಎಂಬುದನ್ನೂ ಪಕ್ಷಗಳು ಸ್ಥೂಲವಾಗಿ ತಿಳಿಸಬೇಕೆಂದಿತು. ಪಕ್ಷಗಳು ಅದಕ್ಕೂ ಆಗಲಿ ಎಂದಿವೆ. ಆ ‘ಆಗಲಿ’ ಮೇಲಿನ ಮೂರು ವರ್ಗಗಳಲ್ಲಿ ಯಾವುದಕ್ಕೆ ಸೇರುತ್ತದೆಂದು ವಿದ್ಯಾರ್ಥಿಗಳೇ ನಿರ್ಧರಿಸಬೇಕು.

ಇಷ್ಟೆಲ್ಲ ಓದಿಯೂ ಬರಿಯ ನಿಜ ಹೇಳಿಕೊಂಡು ಚುನಾವಣೆಗೆ ನಿಲ್ಲುತ್ತೇನೆ ಎನ್ನುವ ಓದುಗರಿದ್ದರೆ ಧೈರ್ಯಗೆಡಬೇಕಿಲ್ಲ. ನಮ್ಮವರೇ ಆದ ಹೊಟ್ಟೆಪಕ್ಷದ ರಂಗಸ್ವಾಮಿ ಎಂಬತ್ತಕ್ಕೂ ಹೆಚ್ಚು ಚುನಾವಣೆಗಳಿಗೆ ನಿಂತು, ಒಂದನ್ನೂ ಗೆಲ್ಲದೆ, ದಾಖಲೆ ಮಾಡಿದ್ದರು. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಲೋಕಸಭೆಗೆ 25,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಇದರ ಅರ್ಧ. ಸಿಂಧುವಾದ ಮತಗಳಲ್ಲಿ ಆರನೇ ಒಂದಂಶಕ್ಕಿಂತ ಹೆಚ್ಚು ನಿಮಗೆ ಬಿದ್ದರೆ ಹಣ ವಾಪಸು ಕೊಡುತ್ತಾರೆ. ಬೀಳದಿದ್ದರೆ ಅದು ಸರ್ಕಾರದ ಖಜಾನೆಗೆ ಸೇರುತ್ತದೆ.